ಹಳೆಯ ಮನೆಗಣಕಗಳ ಗುರುತು ಮತ್ತು ರಕ್ಷಣೆ

ಹೊಲದ ಬದುವಿನಲ್ಲಿ ಅಕ್ಷರವಿರುವ ಕಲ್ಲೊಂದು ಸಿಕ್ಕಿದರೆ ಅದನ್ನು ಒಡೆದು ಪಾಯಕ್ಕೆ ಹಾಕಬಾರದು, ತಿಳಿದವರು ಬಂದು ಓದುವ ತನಕ ಇದ್ದ ಹಾಗೆಯೇ ಬಿಡಬೇಕು ಎಂಬ ಅರಿವು ಇಂದು ನಮ್ಮಲ್ಲಿ ಬಹುಮಟ್ಟಿಗೆ ಹರಡಿದೆ. ಆದರೆ ಶಾಲೆಯ ಉಗ್ರಾಣದಲ್ಲಿಯೋ ಮನೆಯ ಅಟ್ಟದ ಮೇಲೆಯೋ ನಾಲ್ವತ್ತು ವರ್ಷಗಳ ಹಿಂದಿನ ಗಣಕಯಂತ್ರವೊಂದು ಸಿಕ್ಕಿದಾಗ ಏನು ಮಾಡತಕ್ಕದ್ದೆಂಬುದು ವಿದ್ಯಾವಂತರಲ್ಲಿಯೂ ಹಲವರಿಗೆ ತಿಳಿದಿಲ್ಲ. ಸಾಮಾನ್ಯವಾಗಿ ನಡೆಯುವುದು ಎರಡರಲ್ಲಿ ಒಂದು. ಯಂತ್ರವು ಗುಜರಿಯವನ ತಕ್ಕಡಿಗೆ ಹೋಗುತ್ತದೆ. ಇಲ್ಲವೇ ಕುತೂಹಲಿಯೊಬ್ಬನು ಅದರ ಧೂಳನ್ನು ಒರಸಿ, ತಂತಿಯನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, "ಇನ್ನೂ ಜೀವವಿದೆಯೇ ನೋಡೋಣ" ಎಂದು ಸ್ವಿಚ್ಚನ್ನು ಒತ್ತುತ್ತಾನೆ. ಎರಡನೆಯವನ ಉದ್ದೇಶ ಒಳ್ಳೆಯದು. ಪರಿಣಾಮ ಮಾತ್ರ ಹಲವು ವೇಳೆ ಗುಜರಿಗಿಂತ ಮೇಲಾಗಿರುವುದಿಲ್ಲ. ಗುರುತಿಸುವುದು ಮೊದಲು, ಒಳಗಿನ ಬರಹವನ್ನು ನಕಲು ಮಾಡಿಕೊಳ್ಳುವುದು ಅನಂತರ, ವಿದ್ಯುತ್ತನ್ನು ಹರಿಸುವುದು ಎಲ್ಲಕ್ಕೂ ಕೊನೆಗೆ. ಈ ಕ್ರಮ ಏಕೆ ಅಗತ್ಯವೆಂಬುದನ್ನು ಇಲ್ಲಿ ವಿಚಾರಮಾಡೋಣ.

ಮನೆಗಣಕವೆಂದು ನಾವು ಕರೆಯುವುದು 1970ರ ದಶಕದ ಉತ್ತರಾರ್ಧದಿಂದ ಸುಮಾರು 1990ರವರೆಗೆ ಮನೆಗಳಿಗೂ ಶಾಲೆಗಳಿಗೂ ಮಾರಾಟವಾದ ಚಿಕ್ಕ ಯಂತ್ರಗಳನ್ನು. ಕೀಲಿಮಣೆ ಮತ್ತು ಗಣಕ ಎರಡೂ ಒಂದೇ ಪೆಟ್ಟಿಗೆಯಲ್ಲಿ ಅಡಕವಾಗಿದ್ದುವು. ಮನೆಯ ಟೆಲಿವಿಷನ್ನೇ ತೆರೆ. ಹಾಡು ಕೇಳುವ ಕ್ಯಾಸೆಟ್ಟೇ ಕಡತ. ಬ್ರಿಟನ್ನಿನ ಸಿಂಕ್ಲೇರ್ ಕಂಪನಿಯ ಜೆಡ್‌ಎಕ್ಸ್-80 ಎಂಬುದು 1980ರಲ್ಲಿ ಬಂದಿತು. ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ 1981ರ ಡಿಸೆಂಬರಿನಲ್ಲಿ ಹೊರಬಿದ್ದಿತು. ಮರುವರ್ಷವೇ ಸಿಂಕ್ಲೇರರ ಸ್ಪೆಕ್ಟ್ರಮ್ ಮತ್ತು ಅಮೆರಿಕದ ಕಮೊಡೋರ್-64 ಬಂದುವು. ಬಿಬಿಸಿ ಮೈಕ್ರೊವಿನ ಮಾಡೆಲ್ ಬಿ ಎಂಬುದರ ತಾತ್ಕಾಲಿಕ ಸ್ಮೃತಿ 32 ಕಿಲೊಬೈಟ್. ಇಂದಿನ ಯೂನಿಕೋಡ್ ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕಾಗುವುದರಿಂದ ನೀವು ಓದುತ್ತಿರುವ ಈ ಲೇಖನ ಅದರೊಳಗೆ ಹಿಡಿಸಲಾರದು.

ಈ ಲೇಖನದಲ್ಲಿ ಬಿಬಿಸಿ ಮೈಕ್ರೊವನ್ನೇ ಮುಖ್ಯ ಉದಾಹರಣೆಯಾಗಿ ತೆಗೆದುಕೊಂಡಿರುವುದಕ್ಕೆ ಕಾರಣವುಂಟು. 1984-85ರಲ್ಲಿ ಭಾರತ ಸರ್ಕಾರವು ಶಾಲಾಮಕ್ಕಳಿಗೆ ಗಣಕದ ಪರಿಚಯ ಮಾಡಿಕೊಡಲು 'ಕ್ಲಾಸ್' ಎಂಬ ಯೋಜನೆಯನ್ನು ಕೈಗೊಂಡಾಗ ಮೊದಲಿಗೆ ದೇಶದ ಸುಮಾರು 250 ಶಾಲೆಗಳಿಗೆ ಹೋದದ್ದು ಈ ಯಂತ್ರವೇ. ಮುಂದೆ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಎಂಬ ಸರ್ಕಾರಿ ಉದ್ಯಮವು ಇದೇ ಯಂತ್ರವನ್ನು 'ಯೂನಿಕಾರ್ನ್' ಎಂಬ ಹೆಸರಿನಲ್ಲಿ ತಯಾರಿಸಿತು. ಆದ್ದರಿಂದ ನಮ್ಮ ದೇಶದ ಹಳೆಯ ಶಾಲೆಯೊಂದರ ಉಗ್ರಾಣದಲ್ಲಿ ಅಟ್ಲಾಸು, ಭೂಗೋಲ, ಮುರಿದ ಮೇಜುಗಳ ನಡುವೆ ಸಿಕ್ಕಬಹುದಾದ ಯಂತ್ರ ಇದು.

ಉಳಿಸುವುದರಿಂದ ಪ್ರಯೋಜನವೇನು ಎಂದು ಕೇಳುವವರಿಗೆ ಇಂಗ್ಲೆಂಡಿನ ಒಂದು ನಿದರ್ಶನವನ್ನು ಹೇಳಬೇಕು. ಅಲ್ಲಿನ ದೊರೆ ವಿಲಿಯಮ್ಮನ ಆಜ್ಞೆಯಂತೆ 1086ರಲ್ಲಿ ಭೂಮಿಕಾಣಿಗಳ ಲೆಕ್ಕವನ್ನು ಚರ್ಮದ ಹಾಳೆಗಳಲ್ಲಿ ಬರೆಸಲಾಯಿತು. ಅದಕ್ಕೆ ಡೂಮ್ಸ್‌ಡೇ ಪುಸ್ತಕವೆಂದು ಹೆಸರು. ಅದರ ಒಂಬೈನೂರನೆಯ ವರ್ಷದ ನೆನಪಿಗಾಗಿ 1986ರಲ್ಲಿ ಬಿಬಿಸಿ ಸಂಸ್ಥೆಯು ಹೊಸದೊಂದು ಡೂಮ್ಸ್‌ಡೇ ಸಂಗ್ರಹವನ್ನು ಸಿದ್ಧಪಡಿಸಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ, ಮುಖ್ಯವಾಗಿ ಶಾಲಾಮಕ್ಕಳು, ತಮ್ಮ ತಮ್ಮ ಊರಿನ ವಿವರಗಳನ್ನು ಕೊಟ್ಟರು. ಇವೆಲ್ಲವನ್ನೂ ಲೇಸರ್ ತಟ್ಟೆಗಳಲ್ಲಿ ತುಂಬಲಾಯಿತು. ಅವುಗಳನ್ನು ಓದಲು ಬಿಬಿಸಿ ಮೈಕ್ರೊವಿನ ತಮ್ಮನೆನ್ನಬಹುದಾದ 'ಮಾಸ್ಟರ್' ಗಣಕವೂ ಅದಕ್ಕೆಂದೇ ಮಾಡಿದ ತಟ್ಟೆಯಂತ್ರವೂ ಬೇಕಾಗಿದ್ದುವು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಕೆಲಸಮಾಡುವ ಇಂತಹ ಜೋಡಿಗಳು ಅಪರೂಪವಾದುವು. ಒಂಬೈನೂರು ವರ್ಷಗಳ ಚರ್ಮದ ಹಾಳೆಯನ್ನು ಓದಬಹುದು, ಹದಿನೈದು ವರ್ಷದ ತಟ್ಟೆಯನ್ನು ಓದಲಾಗದು ಎಂಬ ವಿಚಿತ್ರ ಪರಿಸ್ಥಿತಿ ಬಂದಿತು. ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳ ಸಂಶೋಧಕರು 2002ರಲ್ಲಿ ಹಳೆಯ ಯಂತ್ರದ ನಡೆಯನ್ನು ಹೊಸ ಗಣಕವು ಅನುಕರಿಸುವಂತೆ ಮಾಡಿ ಆ ಸಂಗ್ರಹವನ್ನು ತೆರೆದು ತೋರಿಸಿದರು. ಉಳಿದಿದ್ದ ಕೆಲವು ಮೂಲಯಂತ್ರಗಳಿಲ್ಲದಿದ್ದರೆ ತಟ್ಟೆಯ ಬರಹವನ್ನು ಹೊರತೆಗೆಯುವುದು ಬಹಳ ಕಷ್ಟವಾಗುತ್ತಿತ್ತು.

ಅದು ಪ್ರಸಿದ್ಧವಾದ ಸಂಗ್ರಹ, ಹಲವು ಪ್ರತಿಗಳಿದ್ದುವು, ಹುಡುಕುವವರಿದ್ದರು. ಯಾವುದೋ ಶಾಲೆಯ ಉಪಾಧ್ಯಾಯರು 1986ರಲ್ಲಿ ಗಣಿತಪಾಠಕ್ಕಾಗಿ ತಾವೇ ಬರೆದು ಚಿಪ್ಪಿನಲ್ಲಿ ತುಂಬಿಟ್ಟ ಕ್ರಮವಿಧಿಗೆ ಇರುವುದು ಒಂದೇ ಪ್ರತಿ.

ಹೆಸರುಪಟ್ಟಿ ಮತ್ತು ಫಲಕ

ಗುರುತಿಸುವ ಕೆಲಸ ಹೊರಗಿನ ಹೆಸರುಪಟ್ಟಿಯಿಂದ ಮೊದಲಾಗುತ್ತದೆ. ಆದರೆ ಅಲ್ಲಿಗೇ ನಿಲ್ಲಬಾರದು. ಬಿಬಿಸಿ ಮೈಕ್ರೊವಿನ ಮುಚ್ಚಳವನ್ನು ಹಿಡಿದಿರುವ ನಾಲ್ಕು ತಿರುಪುಗಳ ಬಳಿ 'ಫಿಕ್ಸ್' ಎಂದು ಅಚ್ಚೊತ್ತಿರುವುದರಿಂದ ಅವನ್ನು ಕಂಡುಹಿಡಿಯುವುದು ಸುಲಭ. ಬಿಚ್ಚುವ ಮೊದಲೂ ಬಿಚ್ಚಿದ ಮೇಲೂ ಚಿತ್ರ ತೆಗೆದುಕೊಳ್ಳಬೇಕು. ಕಾಗದದ ಮೇಲೆ ನಕ್ಷೆಯೊಂದನ್ನು ಬರೆದು ಯಾವ ಚಿಪ್ ಎಲ್ಲಿದೆಯೆಂಬುದನ್ನು ಗುರುತುಹಾಕಬೇಕು. ಹೀಗೆ ಬರೆಯುವುದು ಬೇಸರದ ಕೆಲಸ ಎನಿಸಿದರೂ ಅದನ್ನು ಬಿಡುವುದು ಸರಿಯಲ್ಲ. ಏಕೆಂಬುದು ಮುಂದೆ ತಿಳಿಯುವುದು.

ಒಂದು ಯಂತ್ರದ ತಳದಲ್ಲಿ ಮಾಡೆಲ್ ಎ ಎಂದು ಬರೆದಿದೆ ಎಂದಿಟ್ಟುಕೊಳ್ಳೋಣ. ಮಾಡೆಲ್ ಎ ಎಂಬುದು 16 ಕಿಲೊಬೈಟಿನ ಅಗ್ಗದ ಯಂತ್ರ. ಫಲಕದ ಮೇಲೆ 4816 ಎಂಬ ಅಂಕಿಯುಳ್ಳ ಸ್ಮೃತಿಚಿಪ್ಪುಗಳನ್ನು ಎಣಿಸಬೇಕು. ಇಂತಹ ಒಂದು ಚಿಪ್ಪಿನಲ್ಲಿ 16,384 ಬಿಟ್‌ಗಳು ಹಿಡಿಸುತ್ತವೆ. ಎಂಟು ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ ಎಂಟು ಚಿಪ್ಪುಗಳಿಗೆ 16 ಕಿಲೊಬೈಟ್, ಹದಿನಾರಕ್ಕೆ 32 ಕಿಲೊಬೈಟ್. ತಳದ ಪಟ್ಟಿ ಎ ಎನ್ನುತ್ತಿದ್ದು ಫಲಕದಲ್ಲಿ ಹದಿನಾರು ಚಿಪ್ಪುಗಳಿದ್ದರೆ ಒಡೆಯನು ಅದನ್ನು ಬಿ ಆಗಿ ಬೆಳೆಸಿಕೊಂಡಿದ್ದಾನೆ ಎಂದರ್ಥ. ಹೀಗೆ ಮಾಡಿಸಿಕೊಂಡವರು ಹಲವರು. ಆದಕಾರಣ ಎಂಟೇ ಚಿಪ್ಪುಗಳಿದ್ದು ಉಳಿದ ಎಂಟು ಸ್ಥಾನಗಳು ಖಾಲಿಯಾಗಿರುವ ಬಡ ಮಾಡೆಲ್ ಎ ಯಂತ್ರವೇ ಇಂದು ಹೆಚ್ಚು ಅಪರೂಪವಾದದ್ದು. ಖಾಲಿಯಿದೆಯೆಂದು ಅದನ್ನು ತುಂಬಿಸಲು ಹೋಗಬಾರದು.

ಇನ್ನು ಕಾಲನಿರ್ಣಯ. ಬಹುತೇಕ ಚಿಪ್ಪುಗಳ ಬೆನ್ನಿನ ಮೇಲೆ ಎರಡು ಬಗೆಯ ಅಂಕಿಗಳಿರುತ್ತವೆ. ಒಂದು ಚಿಪ್ಪಿನ ಜಾತಿಯನ್ನು ಹೇಳುತ್ತದೆ. ಇನ್ನೊಂದು ಅದು ತಯಾರಾದ ಕಾಲವನ್ನು. ಕಾಲವನ್ನು ಹೇಳುವ ನಾಲ್ಕಂಕಿಗಳಲ್ಲಿ ಮೊದಲಿನ ಎರಡು ವರ್ಷ, ಕೊನೆಯ ಎರಡು ವಾರ. 8407 ಎಂದರೆ 1984ನೆಯ ವರ್ಷದ ಏಳನೆಯ ವಾರ. ಇವೆರಡನ್ನು ಬೆರಸಿಕೊಳ್ಳುವುದು ಸುಲಭ. 7404 ಎಂಬುದು 1974ರ ನಾಲ್ಕನೆಯ ವಾರವೂ ಆಗಬಹುದು, ಆ ಹೆಸರಿನ ಅತಿಸಾಮಾನ್ಯ ತರ್ಕಚಿಪ್ಪೂ ಆಗಬಹುದು. ಬಿಬಿಸಿ ಮೈಕ್ರೊವಿನಲ್ಲಿ ಕಾಣುವ 8271 ಎಂಬುದರಲ್ಲಿ ಇಂತಹ ಸಂದೇಹಕ್ಕೆ ಎಡೆಯಿಲ್ಲ. 1982ರಲ್ಲಿ ಎಪ್ಪತ್ತೊಂದನೆಯ ವಾರವೆಂಬುದು ಇರಲಿಲ್ಲವಷ್ಟೆ! ಅದು ಫ್ಲಾಪಿ ತಟ್ಟೆಗಳನ್ನು ನಡೆಸುವ ಇಂಟೆಲ್ ಚಿಪ್ಪಿನ ಹೆಸರು. ಅದಿದ್ದರೆ ಯಂತ್ರಕ್ಕೆ ತಟ್ಟೆಯ ಸೌಕರ್ಯವಿತ್ತೆಂದು ತಿಳಿಯಬೇಕು.

ಉತ್ಖನನದಲ್ಲಿ ಒಂದೇ ಪದರದಲ್ಲಿ ಹಲವು ನಾಣ್ಯಗಳು ಸಿಕ್ಕಿದರೆ ಅವುಗಳಲ್ಲಿ ಅತ್ಯಂತ ಹೊಸದಾದುದಕ್ಕಿಂತ ಆ ಪದರವು ಹಳೆಯದಾಗಿರಲಾರದು. ಫಲಕಕ್ಕೂ ಇದೇ ನ್ಯಾಯ ಸಲ್ಲುತ್ತದೆ. ಬೆಸೆದ ಚಿಪ್ಪುಗಳಲ್ಲಿ ಕೊನೆಯ ತಾರೀಖು ಯಾವುದೋ ಅದಕ್ಕಿಂತ ಮೊದಲು ಆ ಫಲಕ ಸಿದ್ಧವಾಗಿರಲಾರದು. ಬೆಸೆದವು ಎಂದು ಒತ್ತಿ ಹೇಳಲು ಕಾರಣವಿದೆ. ಸಾಕೆಟ್ಟಿನಲ್ಲಿ ಕುಳಿತಿರುವ ಚಿಪ್ಪನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ಬದಲಾಯಿಸಿರಬಹುದು. ಫಲಕದಲ್ಲೆಲ್ಲ 1983ರ ಅಂಕಿಗಳಿದ್ದು ಸಾಕೆಟ್ಟಿನ ಒಂದರಲ್ಲಿ ಮಾತ್ರ 1987 ಎಂದಿದ್ದರೆ ಅದು ದುರಸ್ತಿಯ ಕುರುಹು.

ಅಂಕಿಗಳನ್ನೇ ಕಣ್ಣುಮುಚ್ಚಿ ನಂಬುವುದೂ ಕ್ಷೇಮವಲ್ಲ. 1976ರಲ್ಲಿ ಸುಮಾರು 200 ಮಾತ್ರ ತಯಾರಾದ ಆಪಲ್-1 ಎಂಬ ಗಣಕವು ಹರಾಜಿನಲ್ಲಿ ಲಕ್ಷಾಂತರ ಡಾಲರುಗಳಿಗೆ ಹೋಗುವುದುಂಟು. ಅದರ ಪ್ರತಿಕೃತಿ ಫಲಕಗಳನ್ನು ಹವ್ಯಾಸಿಗಳು ಇಂದಿಗೂ ತಯಾರಿಸುತ್ತಾರೆ. ಅವುಗಳ ಮೇಲೆ ನಿಜವಾಗಿಯೂ 1976ರದೇ ಆದ ಚಿಪ್ಪುಗಳನ್ನು ಕೂರಿಸುವುದು ಸಾಧ್ಯ. ಆಗ ಚಿಪ್ಪಿನ ಸಾಕ್ಷ್ಯ ಸತ್ಯ, ಯಂತ್ರ ಮಾತ್ರ ಹೊಸದು! ಬೆಲೆಯ ವ್ಯವಹಾರ ಬಂದಲ್ಲಿ ಫಲಕದ ಬೆಸುಗೆ, ಅಚ್ಚು, ಕೈಯಿಂದ ಕೈಗೆ ಬಂದ ಚರಿತ್ರೆ ಎಲ್ಲವನ್ನೂ ನೋಡಬೇಕಾಗುತ್ತದೆ.

ಪ್ಲಾಸ್ಟಿಕ್ ಕವಚವು ಹಳದಿಯಾಗಿದ್ದರೆ ಅದನ್ನು ಹೈಡ್ರೊಜನ್ ಪೆರಾಕ್ಸೈಡಿನಿಂದ ಬಿಳುಪುಮಾಡುವ ರೂಢಿ ಈಚೆಗೆ ಬೆಳೆದಿದೆ. ನಮಗೆ ಇದು ಮೆಚ್ಚುಗೆಯಾಗದು. ಹಳದಿಯು ಯಾವ ಪಕ್ಕಕ್ಕೆ ಹೆಚ್ಚಾಗಿದೆಯೋ ಆ ಪಕ್ಕಕ್ಕೆ ಕಿಟಕಿಯಿತ್ತೆಂದಾದರೂ ತಿಳಿಯುತ್ತದೆ.

ಕಿಟಕಿಯುಳ್ಳ ಚಿಪ್

ಬಿಬಿಸಿ ಮೈಕ್ರೊವಿನ ಫಲಕದ ಮುಂಬದಿಯ ಬಲಮೂಲೆಯಲ್ಲಿ, ಕೀಲಿಮಣೆಯ ಕೆಳಗೆ, ಐದು ಸಾಕೆಟ್ಟುಗಳು ಸಾಲಾಗಿವೆ. ಸ್ಥಿರಸ್ಮೃತಿಯ ಚಿಪ್ಪುಗಳು ಕೂರುವ ಸ್ಥಳ ಅದು. ಯಂತ್ರದಲ್ಲಿ ನಿಜವಾಗಿ ಅಪರೂಪವಾದದ್ದು ಏನಾದರೂ ಇದ್ದರೆ ಬಹುಶಃ ಇಲ್ಲಿಯೇ ಇರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಪೆಟ್ಟಿಗೆಗಳು ಲಕ್ಷಗಟ್ಟಲೆ ತಯಾರಾದುವು; ಪೆಟ್ಟಿಗೆಯೊಳಗಿನ ಬರಹ ಹಾಗಲ್ಲ.

ಸ್ಥಿರಸ್ಮೃತಿಯಲ್ಲಿ ಎರಡು ಬಗೆ. ಕಾರ್ಖಾನೆಯಲ್ಲಿಯೇ ಬರಹವನ್ನು ಅಚ್ಚುಹಾಕಿದ್ದು ಒಂದು. ಅದು ಸಾವಿರಾರು ಯಂತ್ರಗಳಲ್ಲಿ ಒಂದೇ ಆಗಿರುತ್ತದೆ. ಅಳಿಸಿಹೋಗುವ ಭಯವೂ ಇಲ್ಲ. ಇನ್ನೊಂದು ಈಪ್ರಾಮ್ ಎಂಬುದು. ಇದರ ನಡುಬೆನ್ನಿನಲ್ಲಿ ಸ್ಫಟಿಕಶಿಲೆಯ ಗಾಜಿನ ಚಿಕ್ಕ ದುಂಡು ಕಿಟಕಿಯಿರುತ್ತದೆ. ಕಿಟಕಿಯ ಮೇಲೆ ಸಾಮಾನ್ಯವಾಗಿ ಒಂದು ಚೀಟಿ ಅಂಟಿಸಿರುತ್ತದೆ. ಬರಹವನ್ನು ತುಂಬಲು, ಬೇಕಾದಾಗ ಅಳಿಸಿ ಮತ್ತೆ ತುಂಬಲು ಅನುಕೂಲವಾದ್ದರಿಂದ ಪರೀಕ್ಷಾವಸ್ಥೆಯ ಕ್ರಮವಿಧಿಗಳನ್ನೂ, ಕೆಲವೇ ಪ್ರತಿ ಬೇಕಾದವನ್ನೂ, ಬಳಸುವವರು ತಾವೇ ಬರೆದವನ್ನೂ ಇದರಲ್ಲಿ ಇಡುತ್ತಿದ್ದರು. ಬಿಬಿಸಿ ಮೈಕ್ರೊವಿನ ಮೊದಮೊದಲ ತಂಡಗಳಲ್ಲಿ ಯಂತ್ರವನ್ನು ನಡೆಸುವ ಮೂಲ ಕ್ರಮವಿಧಿಯೂ ನಾಲ್ಕು ಈಪ್ರಾಮುಗಳಲ್ಲಿ ಇತ್ತು. ಅಂತಹುದು ಸಿಕ್ಕಿದರೆ ಯಂತ್ರವು ಮೊದಲ ಕಾಲದ್ದೆನ್ನಲು ಬಲವಾದ ಸಾಕ್ಷಿ.

ಚೀಟಿಯನ್ನು ಕಿತ್ತು ಕೆಳಗಿನ ಅಂಕಿಯನ್ನು ಓದೋಣವೆಂದು ಗುರುತಿಸುವವನಿಗೆ ಸಹಜವಾಗಿ ತೋರುತ್ತದೆ. ಹಾಗೆ ಮಾಡಕೂಡದು. ಅದು ಹೆಸರುಚೀಟಿ ಮಾತ್ರವಲ್ಲ, ಕಿಟಕಿಯ ಪರದೆಯೂ ಹೌದು. ಇದರ ಭೌತಶಾಸ್ತ್ರವನ್ನು ಕೊಂಚ ನೋಡೋಣ. ಈಪ್ರಾಮಿನ ಒಂದೊಂದು ಬಿಟ್ಟೂ ಒಂದು ಸೂಕ್ಷ್ಮ ಟ್ರಾನ್ಸಿಸ್ಟರ್. ಅದರಲ್ಲಿ ಸುತ್ತಲೂ ಸಿಲಿಕಾನ್ ಡೈಆಕ್ಸೈಡಿನಿಂದ ಆವೃತವಾದ, ಯಾವುದಕ್ಕೂ ತಗಲದ ಒಂದು ವಾಹಕದ ದ್ವೀಪವಿದೆ. ಬರೆಯುವಾಗ ಹೆಚ್ಚು ವಿಭವವನ್ನು ಕೊಟ್ಟು ಎಲೆಕ್ಟ್ರಾನುಗಳನ್ನು ಈ ದ್ವೀಪಕ್ಕೆ ಹಾರಿಸುತ್ತಾರೆ. ಎಲೆಕ್ಟ್ರಾನುಗಳಿದ್ದರೆ ಟ್ರಾನ್ಸಿಸ್ಟರಿನಲ್ಲಿ ವಿದ್ಯುತ್ತು ಹರಿಯದು; ಅದನ್ನು 0 ಎಂದು ಓದುತ್ತೇವೆ. ಇಲ್ಲದಿದ್ದರೆ ಹರಿಯುತ್ತದೆ, ಅದು 1. ದ್ವೀಪದಿಂದ ಹೊರಬರಲು ಎಲೆಕ್ಟ್ರಾನು ದಾಟಬೇಕಾದ ತಡೆಯ ಎತ್ತರ ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅತ್ಯಂತ ಶಕ್ತಿಯುತವಾದುದು ನೇರಳೆ. 400 ನ್ಯಾನೊಮೀಟರ್ ತರಂಗದೂರದ ಅದರ ಒಂದು ಫೋಟಾನಿನ ಶಕ್ತಿ 3.1 ಎಲೆಕ್ಟ್ರಾನ್ ವೋಲ್ಟ್. ಕೂದಲೆಳೆಯಷ್ಟು ಕಡಮೆ! ಅಳಿಸುವುದಕ್ಕೆಂದೇ ಬಳಸುವ ಪಾದರಸದ ದೀಪದ 253.7 ನ್ಯಾನೊಮೀಟರಿನ ನೇರಳಾತೀತ ಕಿರಣದ ಫೋಟಾನಿಗೆ ಸುಮಾರು 4.9 ಇರುವುದರಿಂದ ಅದು ತಡೆಯನ್ನು ಲೀಲಾಜಾಲವಾಗಿ ದಾಟಿಸುತ್ತದೆ. ಬಿಸಿಲಿನಲ್ಲಿಯೂ ಟ್ಯೂಬ್‌ಲೈಟಿನಲ್ಲಿಯೂ 400ಕ್ಕಿಂತ ಕಿರಿದಾದ ತರಂಗಗಳು ಸ್ವಲ್ಪಸ್ವಲ್ಪ ಇದ್ದೇ ಇರುತ್ತವೆ. ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರ, ಟ್ಯೂಬ್‌ಲೈಟಿನ ಕೋಣೆಯಲ್ಲಿ ಸುಮಾರು ಮೂರು ವರ್ಷ ತೆರೆದಿಟ್ಟರೆ ಬರಹ ಅಳಿಯಬಹುದೆಂದು ತಯಾರಕರೇ ತಿಳಿಸಿದ್ದಾರೆ.

ನಾಲ್ವತ್ತು ವರ್ಷಗಳಲ್ಲಿ ಚೀಟಿಯ ಅಂಟು ಒಣಗಿ ಪುಡಿಯಾಗಿರುತ್ತದೆ, ಮುಟ್ಟಿದರೆ ಉದುರೀತು. ಉದುರಿದರೆ ಕಿಟಕಿಯ ಮೇಲೆ ಕೂಡಲೇ ಬೆಳಕು ತೂರದ ಪಟ್ಟಿಯನ್ನು ಅಂಟಿಸಿ, ಮೂಲ ಚೀಟಿಯನ್ನು ಬಿಸಾಡದೆ ಲಕೋಟೆಯಲ್ಲಿಟ್ಟು, ಯಾವ ಸಾಕೆಟ್ಟಿನದೆಂದು ಬರೆಯಬೇಕು. ಚಿಪ್ಪನ್ನು ಕಿತ್ತಾಗ ಥರ್ಮೊಕೋಲಿಗೆ ಚುಚ್ಚಿಡುವುದು ದೊಡ್ಡ ಅಪಾಯ. ಅದರ ಘರ್ಷಣವಿದ್ಯುತ್ತು ಚಿಪ್ಪಿನ ತೆಳುಪದರಗಳನ್ನು ಕೊರೆದುಬಿಡಬಲ್ಲುದು. ಅಡಿಗೆಮನೆಯ ಅಲ್ಯೂಮಿನಿಯಮ್ ಹಾಳೆಯಲ್ಲಿ ಸುತ್ತಿಡುವುದು ಮೇಲು. ಸಾಕೆಟ್ಟಿನ ಕ್ರಮವನ್ನು ಬರೆದಿಡಬೇಕೆಂದು ಹಿಂದೆ ಹೇಳಿದೆವಲ್ಲವೆ? ಸಾಲಿನಲ್ಲಿ ಬಲತುದಿಯ ಚಿಪ್ಪಿಗೆ ಈ ಯಂತ್ರದಲ್ಲಿ ಅಗ್ರಸ್ಥಾನ. ಭಾಷಾಕ್ರಮವಿಧಿಯೊಂದನ್ನು ಅಲ್ಲಿಟ್ಟರೆ ಯಂತ್ರವು ಏಳುತ್ತಲೇ ಅದರ ವಶವಾಗುತ್ತದೆ. ಚಿಪ್ಪುಗಳನ್ನು ಅದಲುಬದಲು ಮಾಡಿದರೆ ಅದೇ ಯಂತ್ರವು ಬೇರೆಯಾಗಿ ವರ್ತಿಸುತ್ತದೆ.

ಈಪ್ರಾಮನ್ನು ಓದಲು ಹಳೆಯ ಗಣಕವನ್ನು ಚಾಲೂಮಾಡಬೇಕಾದುದೇ ಇಲ್ಲ. ಇಂದಿನ ಗಣಕಕ್ಕೆ ಜೋಡಿಸುವ ಚಿಪ್‌ಓದುಗ ಉಪಕರಣಗಳು ಮಿತವಾದ ಬೆಲೆಗೆ ದೊರೆಯುತ್ತವೆ. ಕಾಲುಗಳ ಮೇಲಿನ ಕಿಲುಬನ್ನು ಮೊದಲು ಮೃದುವಾಗಿ ತೆಗೆಯಬೇಕು. ತಗಲು ಸರಿಯಿಲ್ಲದಿದ್ದರೆ ಓದಿದ್ದೆಲ್ಲ ತಪ್ಪು. ಆಮೇಲೆ ಒಂದೇ ಚಿಪ್ಪನ್ನು ಮೂರು ನಾಲ್ಕು ಸಲ ಓದಿ ಹೋಲಿಸಬೇಕು. 16 ಕಿಲೊಬೈಟಿನ ಚಿಪ್ಪಿನಲ್ಲಿ 1,31,072 ಬಿಟ್‌ಗಳಿವೆ; ಅವುಗಳಲ್ಲಿ ಒಂದೆರಡು ಒಮ್ಮೆ 0, ಒಮ್ಮೆ 1 ಎಂದು ತೋರಿದರೆ ಯಾವುದನ್ನು ನಂಬುವುದು? ಇಲ್ಲಿ ಪ್ರಕೃತಿಯೇ ನಮಗೆ ಸಹಾಯಮಾಡುತ್ತದೆ. ದ್ವೀಪದಿಂದ ಎಲೆಕ್ಟ್ರಾನುಗಳು ಕಾಲಕ್ರಮದಲ್ಲಿ ಸೋರಿಹೋಗಬಲ್ಲವು. ಹೊರಗಿನಿಂದ ತಾವಾಗಿ ಬಂದು ಸೇರುವುದು ನಡೆಯದ ಮಾತು. ಎಂದರೆ ಕಾಲವು 0 ಎಂಬುದನ್ನು 1 ಮಾಡಬಲ್ಲುದು, 1 ಎಂಬುದನ್ನು 0 ಮಾಡಲಾರದು. ಆದುದರಿಂದ ತೂಗಾಡುವ ಬಿಟ್ಟು ಮೊದಲಿಗೆ 0 ಆಗಿತ್ತೆಂದು ಊಹಿಸುವುದೇ ಯುಕ್ತ. ಉಪಕರಣದಲ್ಲಿ ಅನುಕೂಲವಿದ್ದರೆ ಚಿಪ್ಪಿಗೆ ಕೊಡುವ ವಿಭವವನ್ನು 5 ವೋಲ್ಟಿನಿಂದ ತುಸು ಇಳಿಸಿ ಇನ್ನೊಮ್ಮೆ ಓದಬೇಕು. ಆಗ ಅರೆಬರೆ ಎಲೆಕ್ಟ್ರಾನುಗಳು ಉಳಿದಿರುವ ಟ್ರಾನ್ಸಿಸ್ಟರೂ ಮುಚ್ಚಿಕೊಂಡೇ ಇದ್ದು ತನ್ನ ಮೊದಲಿನ 0 ಎಂಬುದನ್ನು ತೋರುತ್ತದೆ.

ಸ್ವಿಚ್ಚು ಒತ್ತುವ ಮುನ್ನ

ಇಷ್ಟಾದ ಮೇಲೆ ವಿದ್ಯುತ್ತಿನ ವಿಚಾರ. ಮನೆಯ ಮೇನ್ಸ್ ವಿದ್ಯುತ್ತಿನ ದುರಸ್ತಿ ಬಾರದವರು ಈ ಭಾಗವನ್ನು ತಿಳಿದುಕೊಳ್ಳುವುದಕ್ಕಾಗಿ ಓದಿ, ಕೆಲಸವನ್ನು ಟೆಲಿವಿಷನ್ ರಿಪೇರಿಯ ಅನುಭವಸ್ಥರಿಗೆ ಒಪ್ಪಿಸುವುದು ಒಳ್ಳೆಯದು. ಬಿಬಿಸಿ ಮೈಕ್ರೊವಿನ ಎಡಗಡೆಯ ಲೋಹದ ಪೆಟ್ಟಿಗೆಯಲ್ಲಿ 230 ವೋಲ್ಟನ್ನು ದಿಷ್ಟೀಕರಿಸಿ ಸುಮಾರು 325 ವೋಲ್ಟಿನ ಏಕಮುಖ ವಿಭವವನ್ನು ಒಂದು ದೊಡ್ಡ ಧಾರಕದಲ್ಲಿ ತುಂಬಲಾಗುತ್ತದೆ. ಪ್ಲಗ್ಗನ್ನು ಕಿತ್ತಮೇಲೂ ಅದು ಕೆಲಹೊತ್ತು ಅಲ್ಲಿಯೇ ಇರಬಹುದು.

ಅದೇ ಪೆಟ್ಟಿಗೆಯಲ್ಲಿ ಮೇನ್ಸಿಗೆ ಅಡ್ಡಲಾಗಿ, ಗದ್ದಲವನ್ನು ಸೋಸುವುದಕ್ಕಾಗಿ, ಹಳದಿಛಾಯೆಯ ಪಾರದರ್ಶಕ ಕವಚದ ಕಾಗದದ ಧಾರಕಗಳಿವೆ. ವರ್ಷಗಳು ಕಳೆದಂತೆ ಕವಚದಲ್ಲಿ ಕೂದಲೆಳೆಯಂತಹ ಬಿರುಕುಗಳು ಹುಟ್ಟಿ, ಗಾಳಿಯ ತೇವ ಒಳಕ್ಕೆ ಇಳಿದು, ಕಾಗದವು ಅವಾಹಕವಾಗಿ ಉಳಿಯುವುದಿಲ್ಲ. ನಮ್ಮ ಕರಾವಳಿಯ ಅಥವಾ ಮಲೆನಾಡಿನ ಮಳೆಗಾಲಗಳನ್ನು ಕಂಡ ಯಂತ್ರವಾದರೆ ಹೇಳುವುದೇ ಬೇಡ. ಲೆಕ್ಕ ಹಾಕಿ ನೋಡೋಣ. ಧಾರಕದೊಳಗಿನ ಸೋರಿಕೆಯ ರೋಧವು ಒಂದು ಕೋಟಿ ಓಮ್ ಇದ್ದರೆ 230 ವೋಲ್ಟಿನಲ್ಲಿ ಹುಟ್ಟುವ ಶಾಖ ಸುಮಾರು 5 ಮಿಲಿವಾಟ್, ಲೆಕ್ಕಕ್ಕಿಲ್ಲ. ತೇವದಿಂದ ಆ ರೋಧ ಹತ್ತು ಸಾವಿರ ಓಮಿಗೆ ಇಳಿದರೆ ಶಾಖ 5 ವಾಟನ್ನು ಮೀರುತ್ತದೆ. ಉಗುರಿನಷ್ಟು ದೊಡ್ಡದಾದ ವಸ್ತುವಿಗೆ ಇದು ತಾಳಲಾರದ ಶಾಖ. ತೇವ ಆವಿಯಾಗಿ, ಕವಚ ಸಿಡಿದು, ಕೋಣೆಯೆಲ್ಲ ದುರ್ನಾತದ ಹೊಗೆ ತುಂಬುತ್ತದೆ. ಯಂತ್ರವು ಸತ್ತಿತೆಂದು ತಿಳಿದು ಅದನ್ನು ಎಸೆದವರಿದ್ದಾರೆ. ಸತ್ತದ್ದು ಕೆಲವೇ ರೂಪಾಯಿಗಳ ಧಾರಕ. ಸ್ವಿಚ್ಚು ಒತ್ತುವ ಮೊದಲೇ ಇವನ್ನು ಬದಲಾಯಿಸತಕ್ಕದ್ದು. ತೆಗೆದ ಹಳೆಯವನ್ನು ಮಾತ್ರ ಚೀಟಿ ಕಟ್ಟಿ ಇಡಬೇಕು.

ಕಮೊಡೋರ್-64ರ ಅಪಾಯ ಬೇರೆ ಬಗೆಯದು, ಹೊಗೆಯಿಲ್ಲ, ಸದ್ದಿಲ್ಲ. ಅದರ ವಿದ್ಯುತ್ಪೆಟ್ಟಿಗೆ ಯಂತ್ರದಿಂದ ಹೊರಗೆ, ರಾಳದಲ್ಲಿ ಹುದುಗಿಸಿದ ಇಟ್ಟಿಗೆಯಂತೆ ಇರುತ್ತದೆ. ಶಾಖವು ಹೊರಹೋಗಲಾರದೆ ಒಳಗಿನ ನಿಯಂತ್ರಕ ಕೆಟ್ಟರೆ 5 ವೋಲ್ಟ್ ಇರಬೇಕಾದುದು ಮೇಲೇರುತ್ತದೆ. ಆ ಕಾಲದ ಸ್ಮೃತಿಚಿಪ್ಪುಗಳು 7 ವೋಲ್ಟಿಗಿಂತ ಹೆಚ್ಚನ್ನು ತಾಳುವಂತಹವಲ್ಲ. ಆದ್ದರಿಂದ ಆ ಯಂತ್ರದೊಡನೆ ಬಂದ ಮೂಲಪೆಟ್ಟಿಗೆಯನ್ನು ಪ್ರದರ್ಶನಕ್ಕಿಟ್ಟು, ಹೊಸದರಿಂದ ನಡೆಸುವುದೇ ಕ್ಷೇಮ.

ಬ್ಯಾಟರಿಯುಳ್ಳ ಯಂತ್ರಗಳಲ್ಲಿ, ಬಿಬಿಸಿ ಮಾಸ್ಟರ್ ಇಂತಹುದೊಂದು, ಬ್ಯಾಟರಿಯನ್ನು ಮೊದಲ ದಿನವೇ ತೆಗೆಯಬೇಕು. ಅದರಿಂದ ಸೋರುವ ಪೊಟಾಸಿಯಮ್ ಹೈಡ್ರಾಕ್ಸೈಡ್ ತಾಮ್ರದ ಗೆರೆಗಳನ್ನು ತಿನ್ನುತ್ತದೆ, ಸ್ವಿಚ್ಚು ಒತ್ತಿದರೂ ಸರಿ, ಒತ್ತದಿದ್ದರೂ ಸರಿ. ಅದು ಕ್ಷಾರವಾದ್ದರಿಂದ ತೆಳುವಾದ ವಿನಿಗರಿನಿಂದ ಒರಸಿ, ಬಟ್ಟಿಯಿಳಿಸಿದ ನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸಬೇಕು.

ಧಾರಕಗಳನ್ನು ಬದಲಾಯಿಸಿದ ಮೇಲೂ ಬಿಬಿಸಿ ಮೈಕ್ರೊವಿನ ವಿದ್ಯುತ್ಪೆಟ್ಟಿಗೆಯನ್ನು ನೇರವಾಗಿ ಫಲಕಕ್ಕೆ ಜೋಡಿಸಲಾಗದು. ಫಲಕಕ್ಕೆ ಹೋಗುವ ಮೂರು ಕೆಂಪು, ಮೂರು ಕಪ್ಪು, ಒಂದು ನೇರಿಳೆ ತಂತಿಗಳನ್ನು ಕಿತ್ತು, ಕೆಂಪು ಕಪ್ಪುಗಳ ನಡುವೆ 5 ಓಮಿನ, 10 ವಾಟ್ ತಾಳುವ ರೋಧವೊಂದನ್ನು ಭಾರವಾಗಿ ಕಟ್ಟಬೇಕು. ವಿಭವವು 4.75ಕ್ಕೂ 5.25ಕ್ಕೂ ನಡುವೆ ಅಲುಗದೆ ನಿಂತರೆ ಪೆಟ್ಟಿಗೆ ನೆಟ್ಟಗಿದೆ. ನೇರಿಳೆ ತಂತಿಯಲ್ಲಿ ಋಣ 5 ವೋಲ್ಟ್ ಇರಬೇಕು. ಆಮೇಲೆಯೇ ತಂತಿಗಳನ್ನು ಮೊದಲಿನ ಸ್ಥಾನಗಳಿಗೆ ಸೇರಿಸಿ ಸ್ವಿಚ್ಚು ಒತ್ತುವುದು.

ಈ ಯಂತ್ರದಲ್ಲಿ ಟೆಲಿವಿಷನ್ ಇಲ್ಲದಿದ್ದರೂ ಫಲಿತಾಂಶ ಕಿವಿಗೆ ತಿಳಿಯುತ್ತದೆ. ವಿದ್ಯುತ್ತು ಬರುತ್ತಲೇ ಧ್ವನಿಚಿಪ್ ತಾನಾಗಿ ಒಂದು ತಗ್ಗಿದ ಸ್ವರವನ್ನು ಹೊರಡಿಸತೊಡಗುತ್ತದೆ. ಮೂಲ ಕ್ರಮವಿಧಿಯು ಎಚ್ಚೆತ್ತು ಅದನ್ನು ಸುಮ್ಮನಾಗಿಸಿ, ತನ್ನ ಕಡೆಯಿಂದ ಎತ್ತರದ ಒಂದು ಚಿಕ್ಕ ಸ್ವರವನ್ನು ನುಡಿಸುತ್ತದೆ. ಎರಡೂ ಕೇಳಿಸಿದರೆ ಯಂತ್ರದ ಮಿದುಳು ಕೆಲಸಮಾಡುತ್ತಿದೆ. ತೆರೆಯಿದ್ದರೆ 'ಬಿಬಿಸಿ ಕಂಪ್ಯೂಟರ್' ಎಂಬ ಮಾತಿನ ಪಕ್ಕದಲ್ಲಿ 16ಕೆ ಎಂದೋ 32ಕೆ ಎಂದೋ ಮೂಡುತ್ತದೆ; ಚಿಪ್ಪುಗಳನ್ನು ಎಣಿಸಿ ಬರೆದಿಟ್ಟ ಲೆಕ್ಕಕ್ಕೆ ಅದು ಹೊಂದುತ್ತದೆಯೇ ನೋಡಿಕೊಳ್ಳಬೇಕು. ತಗ್ಗಿದ ಸ್ವರವೊಂದೇ ಎಡೆಬಿಡದೆ ಕೇಳುತ್ತಿದ್ದರೆ ಕೂಡಲೆ ಸ್ವಿಚ್ಚನ್ನು ಆರಿಸಿ, ಮೂಲ ಕ್ರಮವಿಧಿಯ ಚಿಪ್ಪು ಸಾಕೆಟ್ಟಿನಲ್ಲಿ ಸರಿಯಾಗಿ ಕುಳಿತಿದೆಯೇ, ಅದರ ಕಾಲೊಂದು ಮಡಿಸಿಕೊಂಡಿದೆಯೇ ಎಂಬುದನ್ನು ಮೊದಲು ಪರೀಕ್ಷಿಸತಕ್ಕದ್ದು.